ಶ್ವಾಸಕೋಶ ವಾಸಿಯಾಯಿತು, ಕಾಲೇಕೆ ಏಳದು?

ಹದಿನೈದು ದಿನ ಐಸಿಯುನಲ್ಲಿದ್ದು ಮನೆಗೆ ಬಂದವರನ್ನು ನೋಡಲು ಹೋದವರು ಹೊರಗೆ ಬಂದು ಮೆಲ್ಲಗೆ ಆಡುವ ಮಾತು ಒಂದೇ: ‘ಅರ್ಧಕ್ಕರ್ಧ ಇಳಿದುಬಿಟ್ಟಿದ್ದಾರೆ.’ ಜ್ವರ ಬಿಟ್ಟಿದೆ, ರಕ್ತದ ವರದಿ ಸರಿಯಿದೆ, ಎಕ್ಸ್-ರೇ ತಿಳಿಯಾಗಿದೆ. ‘ಎಲ್ಲ ನಾರ್ಮಲ್’ ಎಂದು ಹೇಳಿಯೇ ಆಸ್ಪತ್ರೆಯವರು ಕಳಿಸಿದ್ದಾರೆ. ಆದರೂ ಆ ಮನುಷ್ಯನಿಗೆ ಕುರ್ಚಿಯ ಕೈ ಹಿಡಿಯದೆ ಏಳಲಾಗದು. ಬಚ್ಚಲಿಗೆ ಹೋಗಲು ಇನ್ನೊಬ್ಬರ ಹೆಗಲು ಬೇಕು. ನೀರು ತುಂಬಿದ ಚೊಂಬು ಎತ್ತಿದರೆ ಕೈ ನಡುಗುತ್ತದೆ. 2020–21ರ ಕೋವಿಡ್ ಕಾಲದಲ್ಲಿ ವೆಂಟಿಲೇಟರ್ ಎಂಬ ಹೆಸರು ಹಳ್ಳಿಹಳ್ಳಿಗೂ ತಲುಪಿತು. ಅದರಿಂದ ಬಿಡಿಸಿಕೊಂಡು ಬಂದವರ ಈ ಸೋಲೂ ಆಗಲೇ ಎಷ್ಟೋ ಮನೆಗಳಿಗೆ ಪರಿಚಯವಾಯಿತು.

ಇದಕ್ಕೆ ಕಾರಣವೂ ಮದ್ದೂ ಮನೆಮಂದಿಯ ಬಳಿ ಸಿದ್ಧವಿರುತ್ತವೆ. ಮಲಗಿಯೇ ಇದ್ದರಲ್ಲ, ಅದಕ್ಕೆ ಕಾಲು ಸೋತಿವೆ. ಹೊಟ್ಟೆಗೆ ಸರಿಯಾಗಿ ಬೀಳಲಿಲ್ಲ, ಅದಕ್ಕೆ ಮೈ ಒಣಗಿದೆ. ಹಾಗಾದರೆ ಚೆನ್ನಾಗಿ ತಿನ್ನಿಸಿ, ಬೇಕಿದ್ದರೆ ಎರಡು ಬಾಟಲಿ ಗ್ಲೂಕೋಸ್ ಹಾಕಿಸಿ, ಶಕ್ತಿ ಬರುತ್ತದೆ! ಗ್ಲೂಕೋಸಿನ ಲೆಕ್ಕ ಬೇಗ ಮುಗಿಯುತ್ತದೆ. ಸಾಮಾನ್ಯವಾಗಿ ಏರಿಸುವ ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಹೆಚ್ಚೆಂದರೆ 100 ಕ್ಯಾಲರಿ. ಉಳಿದದ್ದು ನೀರು. ಆದರೆ ‘ಮಲಗಿದ್ದಕ್ಕೆ’, ‘ತಿನ್ನದ್ದಕ್ಕೆ’ ಎಂಬ ಎರಡು ಉತ್ತರಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ವೈದ್ಯರೂ ಬಹಳ ಕಾಲ ಅವನ್ನೇ ನಂಬಿದ್ದರು. ಎರಡರಲ್ಲೂ ನಿಜವಿದೆ. ಆದರೆ ಎರಡೂ ಸೇರಿದರೂ ಲೆಕ್ಕ ಹೊಂದುವುದಿಲ್ಲ ಎಂಬುದು ಕಳೆದ ಎರಡು ದಶಕಗಳ ಸಂಶೋಧನೆಯಿಂದ ಗೊತ್ತಾಗಿದೆ.

ಟೊರೊಂಟೊದ 109 ಮಂದಿ

ಐಸಿಯು ಹುಟ್ಟಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. 1952ರಲ್ಲಿ ಅಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳೇ ನಿಂತುಹೋದ ಮಕ್ಕಳು ಸಾಲುಸಾಲಾಗಿ ಆಸ್ಪತ್ರೆಗೆ ಬಂದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ನಳಿಗೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಒದಗಿಸುವ ದಾರಿ ತೋರಿಸಿದರು. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಹಗಲೂ ರಾತ್ರಿ ಚೀಲ ಹಿಸುಕಿದರು. ಅಂದಿನಿಂದ ಐಸಿಯುನ ಯಶಸ್ಸನ್ನು ಅಳೆಯುತ್ತಿದ್ದುದು ಒಂದೇ ಪ್ರಶ್ನೆಯಿಂದ: ರೋಗಿ ಬದುಕಿದನೇ, ಇಲ್ಲವೇ?

ಬದುಕಿದವರು ಆಮೇಲೆ ಹೇಗಿದ್ದಾರೆ ಎಂದು ಬೆನ್ನು ಹತ್ತಿ ನೋಡಲು ಅರ್ಧ ಶತಮಾನ ಬೇಕಾಯಿತು. ಕೆನಡಾದ ಟೊರೊಂಟೊದಲ್ಲಿ ಮಾರ್ಗರೆಟ್ ಹೆರಿಜ್ ಮತ್ತು ಸಂಗಡಿಗರು ಶ್ವಾಸಕೋಶ ತೀವ್ರವಾಗಿ ಕೆಟ್ಟು ವೆಂಟಿಲೇಟರ್ ಮೇಲಿದ್ದು ಉಳಿದ 109 ಮಂದಿಯನ್ನು ಒಂದು ವರ್ಷ ಗಮನಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಇವರು ಮುದುಕರಲ್ಲ, ನಡುವಯಸ್ಸು 45. ಐಸಿಯುನಿಂದ ಹೊರಬರುವಾಗ ಅವರ ಮೈತೂಕದಲ್ಲಿ ಶೇ 18ರಷ್ಟು ಕರಗಿತ್ತು. ವರ್ಷ ತುಂಬಿದಾಗ ಶ್ವಾಸಕೋಶ ಬಹುಮಟ್ಟಿಗೆ ಚೇತರಿಸಿಕೊಂಡಿತ್ತು. ಆದರೆ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲಿರಿ ಎಂದು ನಡೆಸಿ ನೋಡಿದರೆ, ಅದೇ ವಯಸ್ಸಿನ ಆರೋಗ್ಯವಂತರು ಕ್ರಮಿಸುವ ದೂರದ ಮೂರನೇ ಎರಡು ಭಾಗ ಮಾತ್ರ. ಐದು ವರ್ಷದ ನಂತರ ಮತ್ತೆ ನಡೆಸಿದರು. ಆಗಲೂ ಮುಕ್ಕಾಲು ಭಾಗವಷ್ಟೇ.

ರೋಗ ಬಂದದ್ದು ಎದೆಗೆ, ಉಳಿದುಕೊಂಡದ್ದು ತೊಡೆಯಲ್ಲಿ. ಆ ರೋಗಿಗಳೇ ಹೇಳಿದ ದೂರೂ ಅದೇ: ಉಸಿರಿಗಿಂತ ಹೆಚ್ಚಾಗಿ ಸ್ನಾಯು ಕರಗಿದ್ದು, ನಿತ್ರಾಣ. ಮರೆವು, ಗಮನ ನಿಲ್ಲದಿರುವುದು, ಭಯ, ಖಿನ್ನತೆ ಕೂಡ ಇಂಥವರನ್ನು ಕಾಡುತ್ತವೆ. ಇದೆಲ್ಲವನ್ನೂ ಒಟ್ಟಿಗೆ ಸೇರಿಸಿ ‘ಐಸಿಯು ನಂತರದ ಬಾಧೆ’ ಎನ್ನಬಹುದು. ವೈದ್ಯರ ಬಾಯಲ್ಲಿ ಅದು ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್. ಈ ಅಧ್ಯಾಯದಲ್ಲಿ ನಾವು ಹಿಂಬಾಲಿಸುವುದು ಸ್ನಾಯುವಿನ ಕಥೆಯನ್ನು.

ಮಲಗಿದ್ದಷ್ಟಕ್ಕೇ ಹೀಗಾಗುವುದಿಲ್ಲ

ಮೊದಲ ಉತ್ತರವನ್ನು ಪರೀಕ್ಷಿಸೋಣ. ರೋಗವೇ ಇಲ್ಲದವರು ಸುಮ್ಮನೆ ಮಲಗಿದರೆ ಎಷ್ಟು ಕರಗುತ್ತದೆ? ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆ ಬಿಟ್ಟೇಳದಂತೆ ಇರಿಸಿ ಅಳೆದು ನೋಡಿದ್ದಾರೆ. ಕಾಲುಗಳಿಂದ ಸುಮಾರು 1 ಕೆಜಿ ಸ್ನಾಯು ಹೋಗಿತ್ತು. ಅಂದರೆ ಇದ್ದದ್ದರಲ್ಲಿ ಶೇ 6ರ ಆಸುಪಾಸು. ಹಾಸಿಗೆ ನಿರಪರಾಧಿಯಲ್ಲ ಎಂಬುದು ಇದರಿಂದ ಖಚಿತ.

ಈಗ ಐಸಿಯುಗೆ ಬನ್ನಿ. ಲಂಡನ್ನಿನ ಜುದೀನ್ ಪುತುಚೇರಿ ಮತ್ತು ತಂಡ 63 ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್ ಹಿಡಿದು ಮತ್ತೆ ಮತ್ತೆ ಅಳೆದು, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು. ಹತ್ತನೆಯ ದಿನದ ಹೊತ್ತಿಗೆ ಸ್ನಾಯುವಿನ ಅಡ್ಡಕೊಯ್ತದ ವಿಸ್ತಾರ ಸರಾಸರಿ ಶೇ 17.7ರಷ್ಟು ಕುಗ್ಗಿತ್ತು. ಅದೇ ಹತ್ತು ದಿನ, ಅಂಥದೇ ಹಾಸಿಗೆ. ನಷ್ಟ ಮಾತ್ರ ಹಲವು ಪಟ್ಟು. ಅಳತೆಯ ವಿಧಾನ ಬೇರೆ, ಆದ್ದರಿಂದ ಈ ಎರಡು ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರ ಆ ಅಧ್ಯಯನದೊಳಗೇ ಇತ್ತು. ಅಲ್ಲಿದ್ದ ಎಲ್ಲರೂ ಮಲಗಿದವರೇ. ಆದರೂ ಒಂದೇ ಅಂಗ ಕೈಕೊಟ್ಟವರಲ್ಲಿ ಸ್ನಾಯು ಕರಗಿದ್ದು ಕಡಿಮೆ. ಶ್ವಾಸಕೋಶ, ಮೂತ್ರಪಿಂಡ, ರಕ್ತದೊತ್ತಡ ಎಂದು ಹಲವು ಕಡೆ ಏಟು ಬಿದ್ದವರಲ್ಲಿ ಕರಗಿದ್ದು ತುಂಬ ಹೆಚ್ಚು. ರೋಗ ಎಷ್ಟು ಉಗ್ರವೋ ಕರಗುವಿಕೆಯೂ ಅಷ್ಟು ವೇಗ. ಹಾಗಾದರೆ ಸ್ನಾಯುವನ್ನು ಕರಗಿಸುತ್ತಿರುವುದು ಹಾಸಿಗೆಯೊಂದೇ ಅಲ್ಲ, ಕಾಯಿಲೆಯೊಳಗೇ ಇರುವ ಮತ್ತೇನೋ.

ಮೂತ್ರದಲ್ಲಿ ಸಿಕ್ಕ ಸುಳಿವು

ಆ ‘ಮತ್ತೇನೋ’ ಹಿಂದೆ ಮೊದಲು ಹೋದವರು ಸ್ಕಾಟ್ಲೆಂಡಿನ ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್. 1930ರ ದಶಕದ ಆರಂಭದಲ್ಲಿ ಅವರು ಕಾಲಿನ ಮೂಳೆ ಮುರಿದು ಬಂದವರ ಮೂತ್ರವನ್ನು ದಿನದಿನವೂ ಸಂಗ್ರಹಿಸಿ, ಅದರಲ್ಲಿ ಸಾರಜನಕ ಎಷ್ಟಿದೆ ಎಂದು ಅಳೆಯುತ್ತಿದ್ದರು. ಸಾರಜನಕವೇ ಏಕೆ? ಸಕ್ಕರೆ, ಎಣ್ಣೆ ಉರಿದರೆ ಅದು ಬರುವುದಿಲ್ಲ. ಪ್ರೋಟೀನ್ ಒಡೆದರೆ ಬರುತ್ತದೆ. ಮೂತ್ರದಲ್ಲಿ 1 ಗ್ರಾಂ ಸಾರಜನಕ ಹೆಚ್ಚಾಗಿ ಹೋಯಿತೆಂದರೆ ಮೈಯೊಳಗೆ ಎಲ್ಲೋ ಸುಮಾರು 30 ಗ್ರಾಂ ಹಸಿ ಸ್ನಾಯು ಕರಗಿದೆ ಎಂದು ಲೆಕ್ಕ ಹಾಕಬಹುದು.

ಮೂಳೆ ಮುರಿದ ಕೆಲವು ದಿನಗಳಲ್ಲಿ ಸಾರಜನಕದ ನಷ್ಟ ಏರುತ್ತ ಹೋಯಿತು. ಪೆಟ್ಟು ಬಿದ್ದ ಜಾಗದ ಮಾಂಸವಷ್ಟೇ ಹಾಳಾಗಿದ್ದರೆ ಇಷ್ಟು ಬರಲು ಸಾಧ್ಯವಿರಲಿಲ್ಲ. ಕಾಲು ಆಡಿಸದೆ ಇಟ್ಟದ್ದಕ್ಕೆ ಎಂದರೂ ಲೆಕ್ಕ ತಾಳೆಯಾಗಲಿಲ್ಲ. ಪೆಟ್ಟು ಬಿದ್ದದ್ದು ಒಂದು ಕಾಲಿಗೆ, ಕರಗುತ್ತಿದ್ದುದು ಇಡೀ ಮೈಯ ಸ್ನಾಯು. ಕತ್‌ಬರ್ಟ್‌ಸನ್ ರೋಗಿಗಳಿಗೆ ಧಾರಾಳವಾಗಿ ಉಣ್ಣಿಸಿಯೂ ನೋಡಿದರು. ನಷ್ಟ ಉಚ್ಛ್ರಾಯದಲ್ಲಿದ್ದಾಗ ಊಟ ಅದನ್ನು ನಿಲ್ಲಿಸಲಿಲ್ಲ. ಮುಂದೆ 1942ರಲ್ಲಿ ಅವರು ಪೆಟ್ಟಿನ ನಂತರ ದೇಹ ಹಂತಗಳನ್ನು ದಾಟುತ್ತದೆ ಎಂದು ವಿವರಿಸಿದರು: ಮೊದಲು ಎಲ್ಲವೂ ಮಂದವಾಗುವ ಇಳಿತ, ಆಮೇಲೆ ಎಲ್ಲವೂ ಉರಿಯುವ ಭರತ. ಉಣ್ಣಿಸಿದರೆ ನಷ್ಟ ನಿಲ್ಲಬೇಕು ಎಂಬ ಎರಡನೆಯ ಉತ್ತರವೂ ಗ್ಲಾಸ್ಗೋದಲ್ಲಿ ಆಗಲೇ ಅಲುಗಾಡಿತ್ತು.

ಹಗೇವು ತೆರೆಯುವ ಆಜ್ಞೆ

ಬಯಲುಸೀಮೆಯ ಹಳ್ಳಿಗಳಲ್ಲಿ ಜೋಳವನ್ನೋ ರಾಗಿಯನ್ನೋ ಕೂಡಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದರ ಬಾಯಿ ತೆರೆಯುತ್ತಿತ್ತು. ದೇಹದಲ್ಲಿ ಪ್ರೋಟೀನಿನ ಹಗೇವು ಇರುವುದು ಸ್ನಾಯುವಿನಲ್ಲಿ. ನಮ್ಮ ತೂಕದಲ್ಲಿ ಸುಮಾರು ಶೇ 40 ಅದೇ. ಎತ್ತುವುದು, ನಡೆಯುವುದು ಅದರ ದಿನನಿತ್ಯದ ಕೆಲಸವಾದರೆ, ಆಪತ್ತಿನಲ್ಲಿ ತನ್ನನ್ನೇ ಒಡೆದು ಹಂಚುವುದು ಅದರ ಇನ್ನೊಂದು ಕೆಲಸ.

ಉಪವಾಸ ಕೂತಾಗಲೂ ಹಗೇವು ಸ್ವಲ್ಪ ತೆರೆಯುತ್ತದೆ. ಆದರೆ ಆರೋಗ್ಯವಂತರ ದೇಹ ಜಿಪುಣ. ಕೆಲವೇ ದಿನಗಳಲ್ಲಿ ಕೊಬ್ಬು ಉರಿಸಲು ಕಲಿತು, ಸ್ನಾಯುವನ್ನು ಆದಷ್ಟು ಮುಟ್ಟದೆ ದಿನ ದೂಡುತ್ತದೆ. ಒಂದು ತುತ್ತು ಅನ್ನ ಬಿದ್ದರೆ ಸಾಕು, ಬಾಯಿ ಮುಚ್ಚುತ್ತದೆ. ನಂಜೇರಿದಾಗ, ಅಂದರೆ ಸೋಂಕು ರಕ್ತಕ್ಕೆ ಹಬ್ಬಿ ಅಂಗಗಳು ತತ್ತರಿಸುವಾಗ, ಅಥವಾ ದೊಡ್ಡ ಅಪಘಾತವಾದಾಗ ಈ ಜಿಪುಣತನ ಮಾಯವಾಗುತ್ತದೆ. ಹೋರಾಟಕ್ಕೆ ಇಳಿದ ಬಿಳಿ ರಕ್ತಕಣಗಳು ರಕ್ತದಲ್ಲಿ ಉರಿಯೂತದ ದೂತರನ್ನು ಹರಿಯಬಿಡುತ್ತವೆ, ಇವು ಸೈಟೊಕೈನ್‌ಗಳು. ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ. ಇವೆಲ್ಲ ಸೇರಿ ಸ್ನಾಯುಕೋಶಕ್ಕೆ ಮುಟ್ಟಿಸುವ ಆಜ್ಞೆ ಒಂದೇ: ಕಟ್ಟುವುದನ್ನು ನಿಲ್ಲಿಸು, ಒಡೆದು ಕೊಡು.

ಕೋಶದೊಳಗೆ ಆಜ್ಞೆ ಜಾರಿಯಾಗುವ ಬಗೆಯೂ ಗೊತ್ತಿದೆ. ಒಡೆಯಬೇಕಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತುಚೀಟಿ ಅಂಟುತ್ತದೆ. ಚೀಟಿ ಅಂಟಿದ್ದನ್ನು ಪ್ರೋಟಿಯಸೋಮ್ ಎಂಬ ಕೊಳವೆಯಾಕಾರದ ರಚನೆ ಒಳಗೆಳೆದು ತುಂಡರಿಸುತ್ತದೆ. ಈ ಏರ್ಪಾಟನ್ನು ಬಿಡಿಸಿ ತೋರಿಸಿದ್ದಕ್ಕೆ 2004ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ತುಂಡಾಗಿ ಸಿಕ್ಕ ಅಮೈನೊ ಆಮ್ಲಗಳು ರಕ್ತದ ಮೂಲಕ ಹೊರಡುತ್ತವೆ. ಒಂದಿಷ್ಟು ಯಕೃತ್ತಿಗೆ ಹೋಗಿ, ಅಲ್ಲಿ ಸೋಂಕಿನ ವಿರುದ್ಧ ಕೆಲಸ ಮಾಡುವ ಪ್ರೋಟೀನುಗಳಾಗುತ್ತವೆ. ರಕ್ತಪರೀಕ್ಷೆಯ ವರದಿಯಲ್ಲಿ ‘ಸಿಆರ್‌ಪಿ ಏರಿದೆ’ ಎಂದು ನಾವು ಓದುವುದು ಇಂಥ ಒಂದರ ಹೆಸರನ್ನೇ. ಒಂದಿಷ್ಟು ರಕ್ಷಣಾ ಕಣಗಳಿಗೂ ಕರುಳಿಗೂ ಇಂಧನವಾಗುತ್ತದೆ. ಇನ್ನೊಂದಿಷ್ಟು ಯಕೃತ್ತಿನಲ್ಲಿ ಸಕ್ಕರೆಯಾಗುತ್ತದೆ. ಮಧುಮೇಹವಿಲ್ಲದವರ ರಕ್ತದಲ್ಲೂ ಐಸಿಯುನಲ್ಲಿ ಸಕ್ಕರೆ ಏರಲು ಇದೂ ಒಂದು ಕಾರಣ.

ಇದು ದೇಹದ ಬುದ್ಧಿಗೇಡಿತನವೇನಲ್ಲ. ವೆಂಟಿಲೇಟರ್ ಇಲ್ಲದ ಲಕ್ಷಾಂತರ ವರ್ಷಗಳಲ್ಲಿ ದೊಡ್ಡ ಗಾಯ ಮೂರ್ನಾಲ್ಕು ದಿನದಲ್ಲಿ ಒಂದೋ ಮಾಯುವ ಹಾದಿ ಹಿಡಿಯುತ್ತಿತ್ತು, ಇಲ್ಲವೇ ಕೊಲ್ಲುತ್ತಿತ್ತು. ಅಷ್ಟು ದಿನಕ್ಕೆ ತೊಡೆಯನ್ನು ಕೊಟ್ಟು ಜೀವ ಉಳಿಸಿಕೊಳ್ಳುವುದು ಲಾಭದ ವ್ಯಾಪಾರವೇ ಆಗಿತ್ತು. ಐಸಿಯು ಬಂದ ಮೇಲೆ ಮೂರು ದಿನದ ಆಪತ್ತು ಮೂರು ವಾರಕ್ಕೆ ಹಿಗ್ಗಿತು; ತುರ್ತಿಗೆಂದು ಹೊರಟ ಆಜ್ಞೆ ರದ್ದಾಗದೆ ಉಳಿಯಿತು.

ಸುರಿದದ್ದೆಲ್ಲ ಎಲ್ಲಿ ಹೋಯಿತು?

ಹೋಗುತ್ತಿರುವಷ್ಟನ್ನೂ ಮೇಲಿನಿಂದ ತುಂಬಿದರಾಯಿತು ಎಂದು ವೈದ್ಯರು ಯೋಚಿಸಿದ್ದು ಸಹಜ. ಆ ಯೋಚನೆ ದಶಕಗಳ ಕಾಲ ಆಳಿತು. ಒಂದೊಂದಾಗಿ ದೊಡ್ಡ ಪ್ರಯೋಗಗಳು ಅದಕ್ಕೆ ತಣ್ಣೀರೆರಚಿದವು.

ಅವುಗಳಲ್ಲಿ ಎಲ್ಲಕ್ಕಿಂತ ಕಹಿಯಾದದ್ದು 1999ರದು. ಸ್ನಾಯು ಬೆಳೆಸುವ ಹಾರ್ಮೋನನ್ನೇ, ಅಂದರೆ ಗ್ರೋತ್ ಹಾರ್ಮೋನನ್ನು, ಐಸಿಯು ರೋಗಿಗಳಿಗೆ ಚುಚ್ಚಿ ನೋಡಿದ ಎರಡು ಪ್ರಯೋಗಗಳು ಯೂರೋಪಿನಲ್ಲಿ ನಡೆದವು. ಫಿನ್‌ಲೆಂಡಿನ ಪ್ರಯೋಗದಲ್ಲಿ ಹಾರ್ಮೋನ್ ಪಡೆದವರಲ್ಲಿ ಶೇ 39 ಮಂದಿ ತೀರಿಕೊಂಡರೆ, ಪಡೆಯದವರಲ್ಲಿ ಶೇ 20. ಇನ್ನೊಂದರಲ್ಲಿ ಶೇ 44ಕ್ಕೆ ಎದುರು ಶೇ 18. ‘ಒಡೆ’ ಎಂಬ ಆಜ್ಞೆ ಚಾಲ್ತಿಯಲ್ಲಿರುವಾಗ ‘ಕಟ್ಟು’ ಎಂದು ಬಲವಂತ ಮಾಡಿದ್ದಕ್ಕೆ ತೆತ್ತ ಬೆಲೆ ಅದಿರಬಹುದು.

ಇತ್ತೀಚಿನ ಪ್ರಯೋಗಗಳು ಆಹಾರದ ಪ್ರಮಾಣವನ್ನೇ ಹಿಡಿದು ನಡೆದವು. 2023ರಲ್ಲಿ ಪ್ರಕಟವಾದ ಫ್ರಾನ್ಸಿನ ನ್ಯೂಟ್ರಿರಿಯಾ-3 ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದ, ರಕ್ತದೊತ್ತಡ ಕುಸಿದ 3,044 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ವಾರ ಪುಸ್ತಕದಲ್ಲಿ ಹೇಳಿದಂತೆ ಪೂರ್ಣ ಊಟ: ಮೈತೂಕದ ಪ್ರತಿ ಕೆಜಿಗೆ 25 ಕ್ಯಾಲರಿ, 1 ಗ್ರಾಂಗೂ ಮೀರಿದ ಪ್ರೋಟೀನ್. ಇನ್ನೊಂದಕ್ಕೆ ಕೆಜಿಗೆ 6 ಕ್ಯಾಲರಿ, 0.2ರಿಂದ 0.4 ಗ್ರಾಂ ಪ್ರೋಟೀನ್. ಅಂದರೆ ಕಾಲು ಹೊಟ್ಟೆ. ಮೂರು ತಿಂಗಳ ಸಾವಿನ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ ಅಲ್ಲ, ಕಾಲು ಹೊಟ್ಟೆಯವರು ಐಸಿಯುನಿಂದ ಹೊರಡಲು ತುಸು ಬೇಗ ಸಿದ್ಧರಾದರು. ವಾಂತಿ, ಭೇದಿ, ಕರುಳಿಗೆ ರಕ್ತ ಸಾಲದಾಗುವ ಅಪಾಯ ಅವರಲ್ಲೇ ಕಡಿಮೆ.

ಅದೇ ವರ್ಷ ಡ್ಯಾರೆನ್ ಹೇಲ್ಯಾಂಡ್ ಮುಂದಾಳತ್ವದ ಎಫರ್ಟ್ ಪ್ರಯೋಗವೂ ಬಂತು. 16 ದೇಶಗಳ 85 ಐಸಿಯುಗಳು ಅದರಲ್ಲಿದ್ದವು. ಕೆಜಿಗೆ 2.2 ಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಒಂದು ಗುಂಪಿಗೆ, 1.2 ಗ್ರಾಂ ಅಥವಾ ಕಡಿಮೆ ಇನ್ನೊಂದಕ್ಕೆ. ಹೆಚ್ಚು ಪಡೆದವರು ಬೇಗ ಮನೆಗೆ ಹೋಗಲಿಲ್ಲ. ಮೂತ್ರಪಿಂಡ ಸೋತಿದ್ದವರಿಗೆ ಹೆಚ್ಚಿನ ಪ್ರೋಟೀನ್ ಕೆಡುಕನ್ನೇ ಮಾಡಿದಂತೆ ಕಂಡಿತು.

ಹಾಗಾದರೆ ಸುರಿದ ಪ್ರೋಟೀನ್ ಎಲ್ಲಿ ಹೋಯಿತು? ಹಗೇವಿನ ಬಾಯಿ ತೆರೆದು ಕಾಳನ್ನು ಮೇಲೆತ್ತುತ್ತಿರುವಾಗ ಮೇಲಿನಿಂದ ಸುರಿದ ಕಾಳು ಒಳಗೆ ನಿಲ್ಲುವುದಿಲ್ಲ. ಅಮೈನೊ ಆಮ್ಲ ರಕ್ತದಲ್ಲಿ ಯಥೇಚ್ಛವಾಗಿ ಓಡಾಡುತ್ತಿರುತ್ತದೆ. ಸ್ನಾಯುಕೋಶ ಅದನ್ನು ಹೆಣೆಯುವುದಿಲ್ಲ. ಆರೋಗ್ಯವಂತರಲ್ಲಿ ಊಟವೇ ಸ್ನಾಯು ಕಟ್ಟಲು ಕರೆ. ಉಗ್ರ ರೋಗದಲ್ಲಿ ಆ ಕರೆಗೆ ಓಗೊಡದ ಈ ಸ್ಥಿತಿಯನ್ನು ‘ಕಟ್ಟಲೊಲ್ಲದ ಮೊಂಡುತನ’ ಎನ್ನೋಣ. ವೈದ್ಯ ಪರಿಭಾಷೆಯಲ್ಲಿ ಅದು ಅನಬಾಲಿಕ್ ರೆಸಿಸ್ಟೆನ್ಸ್. ಹೆಣೆಯದೆ ಉಳಿದದ್ದನ್ನು ಯಕೃತ್ತು ಯೂರಿಯಾ ಮಾಡುತ್ತದೆ, ಅದನ್ನು ಹೊರಹಾಕುವ ಹೊರೆ ಮೊದಲೇ ಬಳಲಿದ ಮೂತ್ರಪಿಂಡದ ಮೇಲೆ ಬೀಳುತ್ತದೆ.

ತುಂಬುವ ಮೊದಲು ಗುಡಿಸಬೇಕು

ಊಟ ವ್ಯರ್ಥವಾಗುವುದು ಒಂದು ಮಾತು. ತೀರಾ ಮುಂಚೆ, ತೀರಾ ಹೆಚ್ಚು ಕೊಟ್ಟರೆ ಕೆಡುಕಾಗುವುದೇಕೆ? ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದಲ್ಲಿ ಗ್ರೀಟ್ ಫಾನ್ ಡೆನ್ ಬೆರ್ಗೆ ಅವರ ತಂಡ ಈ ಪ್ರಶ್ನೆಯನ್ನು ಆಳಕ್ಕೆ ಅಗೆಯಿತು.

ಅವರ ಎಪಾನಿಕ್ ಪ್ರಯೋಗದಲ್ಲಿ 4,640 ರೋಗಿಗಳಿದ್ದರು. ವರದಿ ಬಂದದ್ದು 2011ರಲ್ಲಿ. ಎಲ್ಲರಿಗೂ ಸಾಧ್ಯವಾದಷ್ಟು ಆಹಾರ ಹೊಟ್ಟೆಯ ಮೂಲಕ. ಹೊಟ್ಟೆ ತಾಳದೆ ಕೊರತೆ ಬಿದ್ದದ್ದನ್ನು ಅರ್ಧದಷ್ಟು ಮಂದಿಗೆ ಮೊದಲ ಎರಡು ದಿನದೊಳಗೇ ರಕ್ತನಾಳದ ಮೂಲಕ ತುಂಬಿಕೊಟ್ಟರು. ಉಳಿದವರಿಗೆ ಒಂದು ವಾರ ಆ ಕೊರತೆಯನ್ನು ಹಾಗೆಯೇ ಬಿಟ್ಟರು. ಕಾಯಿಸಿದವರೇ ಬೇಗ ಹೊರಬಂದರು, ಸೋಂಕೂ ಅವರಲ್ಲೇ ಕಡಿಮೆ. ಎಚ್ಚರವಾದವರ ಕೈಕಾಲಿನ ಬಲವನ್ನು ಪರೀಕ್ಷಿಸಿದಾಗ, ಮುಂಚೆಯೇ ಪೂರ್ಣ ಪೋಷಣೆ ಪಡೆದವರಲ್ಲಿ ಶೇ 43 ಮಂದಿ ನಿತ್ರಾಣಗೊಂಡಿದ್ದರು; ಕಾಯಿಸಿದವರಲ್ಲಿ ಶೇ 34. ಹೆಚ್ಚು ಉಂಡವರು ಹೆಚ್ಚು ಸೋತಿದ್ದರು.

ಸ್ನಾಯುವಿನ ಚೂರುಗಳನ್ನು ತೆಗೆದು ನೋಡಿದಾಗ ಕಾರಣದ ಸುಳಿವು ಸಿಕ್ಕಿತು. ಉಗ್ರ ರೋಗದಲ್ಲಿ ಸ್ನಾಯುಕೋಶದೊಳಗೆ ಕಸ ರಾಶಿಬೀಳುತ್ತದೆ: ಮುರುಟಿದ ಪ್ರೋಟೀನುಗಳು, ಶಕ್ತಿ ಉತ್ಪಾದಿಸಲಾರದೆ ಕೆಟ್ಟುನಿಂತ ಮೈಟೊಕಾಂಡ್ರಿಯಾಗಳು. ಇವನ್ನು ಪೊರೆಯಲ್ಲಿ ಸುತ್ತಿ, ಕರಗಿಸಿ, ಮರುಬಳಕೆಗೆ ಒದಗಿಸುವ ವ್ಯವಸ್ಥೆ ಪ್ರತಿ ಕೋಶದಲ್ಲೂ ಇದೆ. ಈ ‘ಒಳಗುಡಿಸುವಿಕೆ’ಯೇ ಆಟೊಫೇಜಿ. ಯೀಸ್ಟ್ ಕೋಶಗಳಲ್ಲಿ ಇದರ ವಂಶವಾಹಿಗಳನ್ನು ಗುರುತಿಸಿದ ಜಪಾನಿನ ಯೋಶಿನೊರಿ ಓಸುಮಿ ಅವರಿಗೆ 2016ರ ನೊಬೆಲ್ ಬಂತು. ಗುಡಿಸುವ ಕೆಲಸ ಚುರುಕಾಗುವುದು ಹಸಿವಿನಲ್ಲಿ. ಊಟ ಬಿದ್ದೊಡನೆ ಅದು ಮಂದವಾಗುತ್ತದೆ. ಮುಂಚೆಯೇ ಪೂರ್ಣ ಪೋಷಣೆ ಪಡೆದವರ ಸ್ನಾಯುವಿನಲ್ಲಿ ಗುಡಿಸುವಿಕೆಯ ಗುರುತುಗಳು ಕ್ಷೀಣವಾಗಿದ್ದವು. ಗುಡಿಸುವಿಕೆ ಕಡಿಮೆಯಿದ್ದಲ್ಲಿ ನಿಶ್ಶಕ್ತಿ ಹೆಚ್ಚಿತ್ತು.

ಹಗೇವು ಇದ್ದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಳದಲ್ಲಿ ಮುಗ್ಗಿದ ಕಾಳನ್ನು ಬಾಚಿ ತೆಗೆದು ಚೊಕ್ಕಟ ಮಾಡದೆ ಹೊಸ ಫಸಲು ಸುರಿದರೆ ಹೊಸದೂ ಮುಗ್ಗುತ್ತದೆ. ಅಂದಮೇಲೆ ಸ್ನಾಯುವಿನಲ್ಲೂ ಸರದಿಯಿದೆ: ಮೊದಲು ಒಡೆಯುವ ಆಜ್ಞೆ ಸಡಿಲವಾಗಬೇಕು, ಕಸ ಗುಡಿಸಿಹೋಗಬೇಕು, ಆಮೇಲೆ ತುಂಬಬೇಕು.

ಎಚ್ಚರವಿದ್ದರೆ ತಾನೆ ಎದ್ದು ಕೂರುವುದು

ತುಂಬುವುದಾದರೂ ಊಟದಿಂದಷ್ಟೇ ಆಗದು. ಸ್ನಾಯು ಕಟ್ಟಿಕೊಳ್ಳಲು ಬೇಕಾದ ಇನ್ನೊಂದು ಕರೆ ದುಡಿಮೆ. ಅದು ಎಷ್ಟು ಬೇಗ ತಪ್ಪಿಹೋಗುತ್ತದೆ ಎಂಬುದನ್ನು ವಪೆಯ ಸ್ನಾಯು ತೋರಿಸಿಕೊಟ್ಟಿದೆ. ಎದೆಗೂ ಹೊಟ್ಟೆಗೂ ನಡುವೆ ಇದ್ದು ಹುಟ್ಟಿದಾಗಿನಿಂದ ಹಗಲೂ ರಾತ್ರಿ ದುಡಿಯುತ್ತಲೇ ಇರುವ ಸ್ನಾಯು ಅದು. ಮಿದುಳು ನಿಷ್ಕ್ರಿಯಗೊಂಡು ಅಂಗದಾನ ಮಾಡಿದ 14 ಮಂದಿಯ ವಪೆಯನ್ನು ಅಮೆರಿಕದ ಸಂಶೋಧಕರು 2008ರಲ್ಲಿ ಪರೀಕ್ಷಿಸಿದರು. ವೆಂಟಿಲೇಟರ್ ಇವರ ಬದಲು ಉಸಿರಾಡಿದ್ದು 18ರಿಂದ 69 ಗಂಟೆ ಮಾತ್ರ. ಅಷ್ಟರಲ್ಲೇ ಅದರ ಎಳೆಗಳು ಅರ್ಧಕ್ಕೂ ಹೆಚ್ಚು ತೆಳುವಾಗಿದ್ದವು.

ವೆಂಟಿಲೇಟರ್ ರೋಗಿಯನ್ನು ದಿನಗಟ್ಟಲೆ ಮಂಪರು ಮದ್ದಿನಲ್ಲಿ ಮುಳುಗಿಸಿಡುವುದೇ ಕರುಣೆ ಎಂಬ ನಂಬಿಕೆ ಒಂದು ಕಾಲದಲ್ಲಿತ್ತು. 2000ದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕ್ರೆಸ್ ಮತ್ತು ಸಂಗಡಿಗರು 128 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೊಮ್ಮೆ ಮದ್ದು ನಿಲ್ಲಿಸಿ, ಅವರು ಕಣ್ಣು ಬಿಡುವವರೆಗೆ ಕಾದರು. ಇವರು ವೆಂಟಿಲೇಟರ್ ಮೇಲಿದ್ದುದು ಸುಮಾರು 5 ದಿನ, ಉಳಿದವರು 7 ದಿನಕ್ಕೂ ಹೆಚ್ಚು. ಅದೇ ಷಿಕಾಗೊದಿಂದ 2009ರಲ್ಲಿ ಇನ್ನೊಂದು ಹೆಜ್ಜೆ: ಎಚ್ಚರವಾದವರನ್ನು ನಳಿಗೆ ಇದ್ದಂತೆಯೇ, ಮೊದಲ ಒಂದೆರಡು ದಿನದಲ್ಲೇ, ಫಿಸಿಯೋಥೆರಪಿಯವರು ಕೈಕಾಲು ಆಡಿಸಲು, ಮಂಚದಂಚಿಗೆ ಕೂರಲು, ನಿಲ್ಲಲು ಹಚ್ಚಿದರು. ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು ಈ ಗುಂಪಿನಲ್ಲಿ ಶೇ 59, ಇನ್ನೊಂದರಲ್ಲಿ ಶೇ 35. 2023ರಲ್ಲಿ ಷಿಕಾಗೊದ ಸಂಶೋಧಕರು 200 ಮಂದಿಯ ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದರು. ಒಂದು ವರ್ಷದ ನಂತರ ನೆನಪು, ಗಮನಗಳ ತೊಂದರೆ ಬೇಗ ಎಬ್ಬಿಸಿದವರಲ್ಲಿ ಶೇ 24, ಉಳಿದವರಲ್ಲಿ ಶೇ 43. ಕಾಲಿಗೆಂದು ಮಾಡಿದ್ದು ಮಿದುಳಿಗೂ ದಕ್ಕಿತ್ತು.

ಹಾಗಾದರೆ ಇನ್ನಷ್ಟು ಎಬ್ಬಿಸಿದರೆ ಇನ್ನಷ್ಟು ಲಾಭವೇ? ಆಸ್ಟ್ರೇಲಿಯಾದ ಕ್ಯಾರಲ್ ಹಾಜ್ಸನ್ ನೇತೃತ್ವದಲ್ಲಿ ಆರು ದೇಶಗಳ 750 ಮಂದಿಯ ಮೇಲೆ ನಡೆದ ಟೀಮ್ ಪ್ರಯೋಗ 2022ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಒಂದು ಗುಂಪಿಗೆ ದಿನಕ್ಕೆ ಸರಾಸರಿ 9 ನಿಮಿಷದ ವಾಡಿಕೆಯ ವ್ಯಾಯಾಮ, ಇನ್ನೊಂದಕ್ಕೆ ಸುಮಾರು 21 ನಿಮಿಷ. ಆರು ತಿಂಗಳಲ್ಲಿ ಆಸ್ಪತ್ರೆಯ ಹೊರಗೆ ಬದುಕಿ ಕಳೆದ ದಿನಗಳು ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ. ಹೃದಯದ ಲಯ ತಪ್ಪುವುದು, ರಕ್ತದೊತ್ತಡ ಏರುಪೇರಾಗುವುದು ಮುಂತಾದ ತೊಂದರೆ ಹೆಚ್ಚು ದುಡಿಸಿದವರಲ್ಲಿ ಶೇ 9, ಉಳಿದವರಲ್ಲಿ ಶೇ 4. ಏನೂ ಇಲ್ಲದ ಕಡೆ ಸ್ವಲ್ಪ ಚಲನೆ ಬಂದರೆ ದೊಡ್ಡ ಲಾಭ. ಸ್ವಲ್ಪ ಇದ್ದಲ್ಲಿ ಬಲವಂತವಾಗಿ ಹೆಚ್ಚಿಸಿದರೆ ಲಾಭವಿಲ್ಲ. ಊಟದ ಪ್ರಯೋಗಗಳು ಹೇಳಿದ್ದಕ್ಕೂ ಇದಕ್ಕೂ ಬುಡ ಒಂದೇ: ಆಜ್ಞೆ ಸಡಿಲವಾಗದ ದೇಹವನ್ನು ಅವಸರಿಸಲಾಗದು.

ಬಿತ್ತನೆ ಬೀಜಕ್ಕೂ ಕೈ ಹಾಕಿದ ಬರ

ಐಸಿಯುನಿಂದ ಹೊರಬಂದು ಆರು ತಿಂಗಳಾದರೆ ಆಜ್ಞೆ ರದ್ದಾಗಿರುತ್ತದೆ. ಉರಿಯೂತ ಆರಿದೆ, ಒಡೆಯುವಿಕೆ ಮಾಮೂಲಿಗೆ ಬಂದಿದೆ. ಆದರೂ ಕೆಲವರ ತೊಡೆ ತುಂಬಿಕೊಳ್ಳುವುದೇ ಇಲ್ಲ. ಕೆನಡಾದ ಸಂಶೋಧಕರು ಇಂಥವರ ಸ್ನಾಯುವನ್ನು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದಂತೆ, ಅಲ್ಲಿ ಕೊರತೆ ಬಿದ್ದದ್ದು ಸ್ಯಾಟಲೈಟ್ ಕೋಶಗಳಿಗೆ. ಸ್ನಾಯುವಿನ ಎಳೆಗಳ ಅಂಚಿಗೆ ಅಂಟಿಕೊಂಡು ನಿದ್ರಿಸುವ ಇವು, ಪೆಟ್ಟಾದಾಗ ಎದ್ದು ಹೊಸ ಎಳೆ ಕಟ್ಟುತ್ತವೆ. ಹಗೇವಿನ ಮನೆಯಲ್ಲಿ ಬೇರೆಯಾಗಿ ಎತ್ತಿಟ್ಟ ಬಿತ್ತನೆ ಬೀಜವಿದ್ದಂತೆ. ನಂಜೇರಿ ಉಳಿದ ಇಲಿಗಳಲ್ಲಿ ಈ ಕೋಶಗಳ ಮೈಟೊಕಾಂಡ್ರಿಯಾಗಳೇ ದೀರ್ಘಕಾಲ ಕೆಟ್ಟಿರುವುದನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು 2015ರಲ್ಲಿ ಕಂಡರು.

ಇದರ ಜೊತೆಗೆ ನರಗಳೂ ನರಳಿರಬಹುದು. ವೆಂಟಿಲೇಟರ್ ಬಿಡಿಸಲಾಗದ ಕೆಲವು ರೋಗಿಗಳಲ್ಲಿ ಕೈಕಾಲಿನ ನರಗಳೇ ಹಾಳಾಗಿರುವುದನ್ನು ಕೆನಡಾದ ನರತಜ್ಞ ಚಾರ್ಲ್ಸ್ ಬೋಲ್ಟನ್ 1984ರಲ್ಲೇ ತೋರಿಸಿದ್ದರು. ಅಂಥವರಲ್ಲಿ ಚೇತರಿಕೆ ಇನ್ನೂ ನಿಧಾನ.

ಐಸಿಯು ಬಾಗಿಲ ಹೊರಗೆ ಕೂತವರಿಗೆ

ಮೊದಲ ವಾರ ರೋಗಿಯ ಮೂಗಿನ ನಳಿಗೆಯಲ್ಲಿ ಇಳಿಯುತ್ತಿರುವ ಆಹಾರ ಕಡಿಮೆಯೆನಿಸಿದರೆ ಅದು ಅಲಕ್ಷ್ಯವೆಂದು ಸಿಟ್ಟಾಗಬೇಕಿಲ್ಲ. ಹೊಟ್ಟೆ ತಾಳುವುದಾದರೆ ಎರಡು ದಿನದೊಳಗೆ ಸ್ವಲ್ಪದರಿಂದ ಶುರುಮಾಡಿ ಮೆಲ್ಲಗೆ ಏರಿಸುವುದು ಈಗಿನ ಪದ್ಧತಿ. ಹಾಗೆಂದು ಮುಂದೆಯೂ ಕಾಲು ಹೊಟ್ಟೆಯೇ ಸಾಕೆಂದಲ್ಲ. ಉಗ್ರತೆ ಇಳಿದ ಮೇಲೆ ಊಟದ ಮಾತನ್ನು ವೈದ್ಯರ ಬಳಿ ಎತ್ತಲೇಬೇಕು. ವಾರ್ಡಿಗೆ ಬಂದ ಮೇಲೆ ನಳಿಗೆ ತೆಗೆದು, ರುಚಿ ಕೆಟ್ಟ ನಾಲಗೆಗೆ ಎರಡು ಚಮಚ ಗಂಜಿ ಹೋದರೆ ಸಾಕೆಂದು ಬಿಡುವ ಕಾಲದಲ್ಲೇ ನಿಜವಾದ ಕೊರತೆ ಬೀಳುವುದು. ಮಂಪರು ಮದ್ದನ್ನು ಇಂದು ಎಷ್ಟು ಇಳಿಸಿದಿರಿ, ಫಿಸಿಯೋಥೆರಪಿಯವರು ಬಂದಿದ್ದರೇ ಎಂದು ಕೇಳುವುದು ರೋಗಿಯ ಪರವಾಗಿ ಮನೆಯವರು ಕೇಳಬಹುದಾದ ಒಳ್ಳೆಯ ಪ್ರಶ್ನೆಗಳು.

ಮನೆಗೆ ಬಂದ ಮೇಲೆ ಬೇಳೆ, ಮೊಟ್ಟೆ, ಹಾಲು, ಮೀನು ಯಾವುದು ಒಗ್ಗುವುದೋ ಅದು, ದಿನದ ಒಂದೇ ಹೊತ್ತಿಗೆ ಗುಡ್ಡೆ ಹಾಕದೆ ಹಂಚಿಕೊಂಡು. ಅದರೊಟ್ಟಿಗೆ ದುಡಿಮೆಯ ಕರೆಯೂ ಬೇಕು: ಕುರ್ಚಿಯಿಂದ ಏಳುವುದು, ಕೂರುವುದು, ಅಂಗಳದ ತುದಿಯವರೆಗೆ ನಡೆಯುವುದು, ಬಲ್ಲವರ ಕಣ್ಣಳತೆಯಲ್ಲಿ, ವಾರವಾರಕ್ಕೆ ಏರಿಸುತ್ತ. ಇದಕ್ಕೆ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ ಎಂದು ಮೊದಲೇ ಹೇಳಿದರೆ ರೋಗಿ ತನ್ನನ್ನು ಸೋಮಾರಿ ಎಂದುಕೊಳ್ಳುವುದು ತಪ್ಪುತ್ತದೆ.

ವಿಜ್ಞಾನಕ್ಕೆ ಈಗ ಬೇಕಾಗಿರುವುದು ಆಜ್ಞೆ ರದ್ದಾದ ಗಳಿಗೆಯನ್ನು ಹಿಡಿದುಕೊಡುವ ಒಂದು ಅಳತೆ. ಈ ರೋಗಿಯ ಸ್ನಾಯು ಇಂದು ಕಟ್ಟಲು ಸಿದ್ಧವಾಗಿದೆಯೇ ಎಂದು ಮಂಚದ ಬಳಿಯೇ ಹೇಳುವ ನಂಬಿಕಸ್ಥ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ‘ಮೊದಲ ವಾರ’ ಎಂಬುದು ಸಾವಿರಾರು ಮಂದಿಯ ಸರಾಸರಿ. ಒಬ್ಬರಲ್ಲಿ ಆ ಗಳಿಗೆ ಮೂರನೆಯ ದಿನ ಬರಬಹುದು, ಇನ್ನೊಬ್ಬರಲ್ಲಿ ಹದಿಮೂರನೆಯ ದಿನ. ಅದನ್ನು ಅಳೆಯಲು ಬಂದ ದಿನ, ಎಷ್ಟು ಉಣ್ಣಿಸಬೇಕು, ಯಾವಾಗ ಎಬ್ಬಿಸಬೇಕು ಎಂಬುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸುವುದು ನಿಲ್ಲುತ್ತದೆ.